ಒಂದು ತೊಟ್ಟು ನೀರು, ಒಂದು ಗಾಜಿನ ಕಡ್ಡಿ

೧೯೩೮ನೇ ಇಸವಿ ಡಿಸೆಂಬರ್ ೧೪, ಬುಧವಾರ, ಬೆಳಗ್ಗೆ ಆರೂ ಮುಕ್ಕಾಲು ಗಂಟೆ. ಹುಣಸೂರಿನಲ್ಲಿ ನನ್ನ ಸೋದರಮಾವನ ಕಾಫಿ ಹೋಟೆಲಿನ ಹಿಂಬಾಗಿಲಲ್ಲಿ ಇದು ಶುರುವಾಯಿತು. ಹೈಸ್ಕೂಲು ಮುಗಿಸಿದ್ದ ನಾನು ಆ ವರ್ಷ ಮಾವನ ಗಲ್ಲಾದಲ್ಲಿ ಕೂರುತ್ತಿದ್ದೆ. ಬಂದ ಹಾಲು, ಉರಿದ ಸೌದೆ, ಒಡೆದ ಲೋಟ, ಎಲ್ಲವನ್ನೂ ತಾರೀಖು ಹಾಕಿ ಬರೆದಿಡುವುದು ನನ್ನ ಅಭ್ಯಾಸ. ಆ ಬೆಳಗ್ಗೆ ಬರೆದದ್ದು ಇಷ್ಟು: 'ಅಕ್ಕನ ಹಾಲಿನಲ್ಲಿ ಗೆರೆ ಮುಳುಗಿತು.'

ಗೆರೆ ಎಂದರೆ ಲ್ಯಾಕ್ಟೋಮೀಟರಿನ ಗೆರೆ. ಮಾವ ಅದನ್ನು ಹಿಂದಿನ ದಿನವಷ್ಟೇ ಮೈಸೂರಿನಿಂದ ತಂದಿದ್ದರು. ಬುಡದಲ್ಲಿ ಭಾರ ತುಂಬಿದ ಗಾಜಿನ ಬುರುಡೆ, ಅದರ ಮೇಲೊಂದು ಸಣ್ಣ ಕಡ್ಡಿ, ಕಡ್ಡಿಯಲ್ಲಿ ಗೆರೆಗಳು. ಅಷ್ಟೇ ಅಳತೆಯ ನೀರಿಗಿಂತ ಹಾಲಿನ ತೂಕ ಹೆಚ್ಚು. ಅಂದರೆ ಹಾಲು ಹೆಚ್ಚು ಸಾಂದ್ರ. ಹಾಗಾಗಿ ಕಡ್ಡಿ ಹಾಲಿನಲ್ಲಿ ಎತ್ತರಕ್ಕೆ ತೇಲುತ್ತದೆ, ನೀರು ಬೆರೆತಷ್ಟೂ ಕೆಳಗಿಳಿಯುತ್ತದೆ. ಒಳ್ಳೆಯ ಹಾಲಿನ ಗೆರೆ ಮುಳುಗಿತೋ, ನೀರು ಬೆರೆತಿದೆ ಎಂದೇ ಲೆಕ್ಕ ಎಂದು ಮಾರಿದವನು ಹೇಳಿ ಕಳಿಸಿದ್ದ.

ನಮಗೆ ಹಾಲು ಹಾಕುತ್ತಿದ್ದವರು ಇಬ್ಬರು. ಒಬ್ಬ ಕಟ್ಟೆಮಳಲವಾಡಿಯವನು, ಕತ್ತಲಿರುವಾಗಲೇ ಹೊರಟು ನಡೆದು ಬರುತ್ತಿದ್ದ. ಇನ್ನೊಬ್ಬಳು ಹೋಟೆಲಿನ ಹಿಂದಿನ ಗೋಡೆಯಾಚೆಯೇ ಇದ್ದ ವಿಧವೆ. ಕೇರಿಗೆಲ್ಲ ಅವಳು ಅಕ್ಕ. ಅವಳಿಗಿದ್ದದ್ದು ಒಂದೇ ಎಮ್ಮೆ. ಕರುವಾಗಿದ್ದಾಗಿನಿಂದ ತಾನೇ ಸಾಕಿದ್ದು. ಕಟ್ಟೆಮಳಲವಾಡಿಯವನ ಹಾಲಿನಲ್ಲಿ ಗೆರೆ ಮೇಲೆ ನಿಂತಿತು. ಅಕ್ಕನ ಹಾಲಿನಲ್ಲಿ ಮುಳುಗಿತು.

"ಏನಮ್ಮ, ನೀರು ಹಾಕಿದೀಯಾ?" ಅಂದರು ಮಾವ.

"ಹೂಂ, ಹಾಕ್ದೆ ಇರ್ತೀನಾ? ಒಂದು ತೊಟ್ಟು ಹಾಕಿವ್ನಿ," ಅಂದಳು ಅಕ್ಕ, ಅದರಲ್ಲೇನು ವಿಶೇಷ ಎಂಬಂತೆ. "ಕರೆದ ಆಲ್ನ ಅಂಗೇ ಮನೆಯಿಂದ ಆಚ್ಗೆ ಕಳ್ಸುದ್ರೆ ಕೆಚ್ಚಲ್ಗೆ ಕಣ್ಣು ಬೀಳ್ತದೆ ಸಾವ್ಕಾರ್ರೇ."

"ಯಾವ ತೊಟ್ಟು ಅಕ್ಕೋ? ಲಕ್ಷ್ಮಣತೀರ್ಥ ಹೊಳೇದಾ?" ಎಂದು ಕಟ್ಟೆಮಳಲವಾಡಿಯವನು ನಕ್ಕ.

"ನಗ್ಲಾ, ನಗು. ನಿನ್ನಾಲ್ಗೂ ಒಂದಿನ ಬತ್ತದೆ."

ಮಾವ ಕೆಟ್ಟವರಲ್ಲ. ಆದರೆ ಅವಳೇ ಒಪ್ಪಿಕೊಂಡಳಲ್ಲ! ಗುರುವಾರವೂ ಗೆರೆ ಮುಳುಗಿತು. ಶುಕ್ರವಾರದಿಂದ ಬೇಡವೆಂದರು. ಮಾತು ಕೇರಿಯಲ್ಲಿ ಹರಡಿ, ಅವಳಲ್ಲಿ ಹಾಲು ತೆಗೆದುಕೊಳ್ಳುತ್ತಿದ್ದ ಮನೆಗಳೂ ಬೇಡವೆಂದವು. ಅವಳು ನಮ್ಮ ಹಿಂಬಾಗಿಲಿಗೆ ಬಂದು ಮಾವನಿಗೆ ಹೇಳಿದ್ದು ನನಗೆ ಕೇಳಿಸಿತು: "ಸೋಮಾರ ರಾವಂದೂರಿಂದ ನನ್ ತಮ್ಮ ಬತ್ತಾನೆ. ಎಮ್ಮೇನ ಹೊಡ್ಕಂಡೋಗ್ಲಿ ಬುಡಿ. ನೀರಾಕೋಳು ಅನ್ನಿಸ್ಕಂಡು ಈ ಕೇರೀಲಿ ಆಲು ಕೊಡಕ್ಕಾಗಕಿಲ್ಲ."

ನನಗೆ ಆ ತೊಟ್ಟಿನದೇ ಯೋಚನೆ. ನೀರಿನಲ್ಲಿ ಬೆರಳದ್ದಿ ಕಟ್ಟೆಮಳಲವಾಡಿ ಹಾಲಿಗೆ ಒಂದು ತೊಟ್ಟು ಬಿಟ್ಟೆ. ಕಡ್ಡಿ ಅಲುಗಲಿಲ್ಲ. ಚಮಚ ಹಾಕಿದೆ, ಅಲುಗಲಿಲ್ಲ. ಅಕ್ಕನ ಹಾಲಿನಲ್ಲಿ ನಿಂತಷ್ಟು ಕೆಳಗಿಳಿಸಲು ಲೋಟದಲ್ಲೇ ಸುರಿಯಬೇಕಾಯಿತು. ಹಾಗಾದರೆ ಒಂದು ತೊಟ್ಟೆಂದದ್ದು ಸುಳ್ಳಿರಬೇಕು, ಇಲ್ಲವೆ ಕಾರಣ ಬೇರೆ ಇರಬೇಕು.

ಶನಿವಾರ ಬೆಳಗ್ಗೆ ಕಡ್ಡಿ ಹಿಡಿದು ಅವಳ ಕೊಟ್ಟಿಗೆಗೇ ಹೋದೆ. ಚೊಂಬನ್ನು ಬೋರಲು ಹಾಕಿ, "ತಳ ನೋಡ್ಕೋ, ಚೆನ್ನಾಗ್ ನೋಡ್ಕೋ," ಅಂದಳು. ಒಣಗಿತ್ತು. ಕರೆದಾದ ಮೇಲೆ, "ಇವತ್ತೊಂದಿನ ತೊಟ್ಟು ಹಾಕ್ಬೇಡ ಅಕ್ಕ," ಅಂದೆ.

"ಕೆಚ್ಚಲು ಬಾತ್ಕಂಡ್ರೆ ನಿಮ್ಮಾವ ಬಂದು ಎಣ್ಣೆ ನೀವ್ತಾರಾ?"

ನನ್ನ ಕಣ್ಣೆದುರೇ ಒಂದು ತೊಟ್ಟು ಬಿಟ್ಟಳು. ಒಂದೇ. ನೊರೆ ಸರಿಸಿ ಕಡ್ಡಿ ಇಳಿಬಿಟ್ಟೆ. ಗೆರೆ ಮುಳುಗಿತು. ಇಬ್ಬರೂ ಅದನ್ನೇ ನೋಡುತ್ತ ನಿಂತೆವು. ಅವಳ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ.

"ಆ ಕಡ್ಡಿ ಮುಟ್ಟಿದ ಆಲು ನಂಗ್ ಬ್ಯಾಡ. ತಕ್ಕಂಡೋಗು," ಅಂದಳು.

ಚೊಂಬನ್ನು ಹೋಟೆಲಿಗೆ ತಂದೆ. ನಮ್ಮ ಅಡಿಗೆಯವನು ಕೆಡದಿರಲೆಂದು ಅದನ್ನು ಹಿತ್ತಲಿನ ಕಲ್ಲುಬಾನಿಯ ನೀರಿನಲ್ಲಿಟ್ಟ. ರಾತ್ರಿಯೆಲ್ಲ ಬಯಲಲ್ಲಿದ್ದ ನೀರು, ಕೈ ಕೊರೆಯುತ್ತಿತ್ತು. ಬಿಸಿಲೇರಿ, ಗಿರಾಕಿಗಳು ಕಡಿಮೆಯಾದ ಮೇಲೆ ಸುಮ್ಮನಿರಲಾರದೆ ಇನ್ನೊಮ್ಮೆ ಕಡ್ಡಿ ಬಿಟ್ಟೆ. ಗೆರೆ ಮೇಲೆ ನಿಂತಿತು!

ಮಾವನನ್ನು ಕೂಗಿದೆ. ಅವರು ಬಗ್ಗಿ ನೋಡಿ, "ನೀರೆಲ್ಲಿ ಹೋಯ್ತೋ? ನೀನೇ ಬೇರೆ ಹಾಲು ಸುರಿದೆಯೇನೋ?" ಅಂದರು. ಇಲ್ಲವೆಂದು ಚೊಂಬನ್ನು ಎತ್ತಿದೆ. ಬೆಳಗ್ಗೆ ಕೈಗೆ ಹಿತವಾಗಿ ಬಿಸಿಯಿದ್ದ ಚೊಂಬು ಈಗ ತಣ್ಣಗೆ ಕೊರೆಯಿತು. ಆಗ ಹೊಳೆಯಿತು. ಬಿಸಿಯಾದರೆ ಹಾಲು ಹಿಗ್ಗುತ್ತದೆ, ಅದೇ ಅಳತೆಗೆ ತೂಕ ಇಳಿಯುತ್ತದೆ. ಕಟ್ಟೆಮಳಲವಾಡಿಯ ಹಾಲು ಡಿಸೆಂಬರಿನ ಚಳಿಯಲ್ಲಿ ದಾರಿಯುದ್ದಕ್ಕೂ ಆರಿ ಬರುತ್ತಿತ್ತು. ಅಕ್ಕನದು ಕೆಚ್ಚಲಿನಿಂದ ಗೋಡೆ ದಾಟಿ ನೇರ ಕಡ್ಡಿಗೆ. ಹತ್ತಿರ ಇದ್ದದ್ದೇ ಅವಳ ತಪ್ಪಾಗಿತ್ತು.

ಮಾವ ಪೂರಾ ನಂಬಲಿಲ್ಲ. ಭಾನುವಾರ ಕಟ್ಟೆಮಳಲವಾಡಿಯವನ ಹಾಲನ್ನು ಅವನೆದುರೇ ಅಳೆದೆ, ಗೆರೆ ಮೇಲಿತ್ತು. ಪಾತ್ರೆಯನ್ನು ಬಿಸಿನೀರಿನಲ್ಲಿಟ್ಟು, ಆಗತಾನೆ ಕರೆದ ಹಾಲಿನಷ್ಟು ಬೆಚ್ಚಗಾದ ಮೇಲೆ ಮತ್ತೆ ಅಳೆದೆ. ಗೆರೆ ಮುಳುಗಿತು.

"ಅಯ್ಯಯ್ಯೋ! ದೇವ್ರಾಣೆ ಸಾವ್ಕಾರ್ರೇ, ನಾನೇನೂ ಹಾಕಿಲ್ಲ!"

"ತೊಟ್ಟೋ, ಲಕ್ಷ್ಮಣತೀರ್ಥವೋ?" ಅಂದ ಅಡಿಗೆಯವನು. ಕಟ್ಟೆಮಳಲವಾಡಿಯವನಿಗೆ ನಗಲೂ ಆಗಲಿಲ್ಲ, ಬಯ್ಯಲೂ ಆಗಲಿಲ್ಲ. ಮಾವ ಹೆಗಲ ಮೇಲಿನ ವಸ್ತ್ರ ತೆಗೆದು ಮುಖ ಒರೆಸಿಕೊಂಡರು.

ಸೋಮವಾರ ನಾವು ಹೋಗುವಷ್ಟರಲ್ಲಿ ಅಕ್ಕನ ತಮ್ಮ ಎಮ್ಮೆಯ ಹಗ್ಗ ಬಿಚ್ಚಿ ಕೈಗೆ ಸುತ್ತಿಕೊಂಡಿದ್ದ. ಮಾವ ಬೇಲಿಯಾಚೆ ನಿಂತು, ಬೀದಿಗೆ ಕೇಳುವಂತೆ ಹೇಳಿದರು: "ನಿನ್ನ ಹಾಲು ಚೆನ್ನಾಗಿತ್ತಮ್ಮ. ಅಳೆದ ನಮ್ಮದೇ ತಪ್ಪು. ಇನ್ಮೇಲೆ ಯಾರ ಹಾಲಾದ್ರೂ ಬಾನಿಯಲ್ಲಿಟ್ಟು ಆರಿಸಿಯೇ ನೋಡ್ತೀವಿ. ನಾಳೆಯಿಂದ ತಾ."

ಅಕ್ಕ, "ತೊಟ್ಟು ಹಾಕೇ ಹಾಕ್ತೀನಿ," ಅಂದಳು.

"ಹಾಕು ತಾಯಿ. ಯಾರಾದ್ರೂ ಕೇಳಿದ್ರೆ ಮಾತ್ರ ಬಾಯ್ಬಿಡಬೇಡ."

"ಕೇಳುದ್ರೆ ಸುಳ್ಳೇಳಾನಾ?"

ಅಕ್ಕ ತಮ್ಮನ ಕಡೆ ತಿರುಗಿ, "ಹಗ್ಗ ಕಟ್ಲಾ. ಬಂದದ್ದು ಬಂದಿದೀಯ, ಉಂಡ್ಕಂಡೋಗು," ಅಂದಳು.

ನನಗಿನ್ನೂ ಬಿಡಿಸಲಾಗದ್ದು ಒಂದಿದೆ. ಕರೆದ ಹಾಲನ್ನು ಕೂಡಲೇ ತಣ್ಣಗೆ ಮಾಡಿ ಅಳೆದರೂ ಕಡ್ಡಿ ಕೂದಲಷ್ಟು ಕೆಳಗೇ ನಿಲ್ಲುತ್ತದೆ. ಅದೇ ಹಾಲು, ಅದೇ ತಣುಪಿನಲ್ಲಿ ಹೊತ್ತು ಕಳೆದ ಮೇಲೆ ತುಸು ಮೇಲೇರುತ್ತದೆ. ನೊರೆಯ ಗಾಳಿಯೋ, ಕೆನೆಯ ಗುಣವೋ ತಿಳಿಯದು. ಎಮ್ಮೆ ಕಟ್ಟಿದವರಾಗಲಿ, ಶಾಸ್ತ್ರ ಓದಿದವರಾಗಲಿ ಬಲ್ಲವರು ಈ ಪತ್ರಿಕೆಯ ವಿಳಾಸಕ್ಕೆ ಎರಡು ಸಾಲು ಬರೆದರೆ ಉಪಕಾರ. ಅಕ್ಕನೂ ಕೇಳುತ್ತಿದ್ದಾಳೆ.