ಪೀಪಿ ಊದಿಸಿದ ಕಾಕು

ಕಳೆದ ವಾರ ವಡೋದರಾದ ಮಕರಪುರದಲ್ಲಿ ಸಹೋದ್ಯೋಗಿಯ ಮಗುವಿನ ಹುಟ್ಟುಹಬ್ಬ. ಯಾರೋ ನನ್ನ ಕೈಗೂ ಒಂದು ಕಾಗದದ ಪೀಪಿ ಕೊಟ್ಟರು, ಊದಿದರೆ ಸುರುಳಿ ಬಿಚ್ಚಿ ಮುಂದೆ ಚಾಚುವಂಥದ್ದು. ಅದರ ಪ್ಲಾಸ್ಟಿಕ್ ತುಟಿಗೆ ತಾಗಿದ್ದೇ ತಡ, ನಾನು ಚಿಕ್ಕವಳಿದ್ದಾಗ ಮೇಲಿನ ಮನೆಯಲ್ಲಿದ್ದ ಕಾಕು, ಚಿಕ್ಕಮ್ಮನಂಥವರು, ನೆನಪಾದರು...

ನಾವಾಗ ಅಹಮದಾಬಾದಿನ ಮಣಿನಗರದಲ್ಲಿದ್ದೆವು. ಕಾಕು ನಮ್ಮಂತೆಯೇ ಧಾರವಾಡದ ಕಡೆಯವರು. ಆಸ್ಪತ್ರೆಯೊಂದರಲ್ಲಿ ಉಸಿರಾಟದ ಪರೀಕ್ಷೆ ಮಾಡುವ ಕೆಲಸ ಅವರದು. ನನಗೆ ಹುಟ್ಟಿದಾಗಿನಿಂದ ಕಫದ ಕೆಮ್ಮು, ಸದಾ ಸೋರುವ ಮೂಗು. ಆರನೇ ತರಗತಿಯ ಹೊತ್ತಿಗೆ ಒಮ್ಮೆ ಕ್ಷಯದ ಮಾತ್ರೆ ನುಂಗಿ ಮುಗಿಸಿದ್ದೆ. ಕೆಮ್ಮು ಹೋಗಿರಲಿಲ್ಲ. ಮತ್ತೆ ಅದೇ ಮಾತ್ರೆ ಶುರು ಮಾಡುವ ಮಾತು ಬಂದಾಗ ಕಾಕು ನಮ್ಮನ್ನು ತಮ್ಮ ಆಸ್ಪತ್ರೆಗೆ ಕರೆದೊಯ್ದರು.

ಮದುವೆ ಸಂಬಂಧದಲ್ಲೇ ಆದದ್ದೇ ಎಂದು ಅಲ್ಲಿಯ ಗುಜರಾತಿ ಡಾಕ್ಟರು ಅಮ್ಮನನ್ನು ಕೇಳಿದರು. ಅಮ್ಮ "ನಹೀಂ" ಅಂದಳು. ಸೋದರಮಾವನನ್ನೇ ಮದುವೆಯಾದವಳೆಂದರೆ, ಇಂಥ ಸಂಬಂಧ ಮಾಡದ ಇಲ್ಲಿಯವರು ಬಾಯಿಯ ಮೇಲೆ ಕೈ ಇಟ್ಟುಕೊಳ್ಳುತ್ತಾರೆಂದು ಅವಳು ಈ ಊರಲ್ಲಿ ಯಾರಿಗೂ ಹೇಳಿರಲಿಲ್ಲ.

ಹೊರಗೆ ಬಂದ ಮೇಲೆ ಕಾಕು ಅಂದರು: "ತಂಗಿ, ಫೋನಿನ್ಯಾಗ ಗಂಡನ ಅವ್ವಗ 'ಅಜ್ಜಿ, ಉಂಡಿ ಏನ್' ಅಂತಿ. ನಂಗೂ ಕಿವಿ ಅದಾವ."

"ಮಂದಿ ನಗತಾರ್ರೀ ವೈನಿ," ಅಮ್ಮ ನೆಲ ನೋಡಿದಳು.

"ನಗಲಿ ಬಿಡು. ಒಂದ ಮನಿತನದ ರಕ್ತ ಎರಡೂ ಕಡಿಂದ ಬಂದ್ರ, ಹುಡುಕೋ ಜಡ್ಡೂ ಬ್ಯಾರೆ. ನಾ ಹೇಳೂದಿಲ್ಲ, ನೀನ ಹೇಳು."

ಅಮ್ಮ ಸೆರಗು ಸರಿಪಡಿಸಿಕೊಂಡು ಒಳಹೋದಳು. ಡಾಕ್ಟರು ನಗಲಿಲ್ಲ. ಮೂಗಿನ ಗಾಳಿಯ ಪರೀಕ್ಷೆ ಬರೆದರು.

ಹೊಳ್ಳೆಗೆ ಸಣ್ಣ ನಳಿಕೆಯಿಟ್ಟು ಅಲ್ಲಿಯ ನೈಟ್ರಿಕ್ ಆಕ್ಸೈಡ್ ಅಳೆಯಬೇಕು. ಅಷ್ಟು ಹೊತ್ತೂ ನಾನು ಬಾಯಿಂದ ಒಂದೇ ಸಮ ಊದುತ್ತಿರಬೇಕು. ಪ್ರತಿಸಲ ಕೆಮ್ಮು ಬಂದು ತಪ್ಪುತ್ತಿತ್ತು. ಆಗ ಕಾಕು ಎಲ್ಲಿಂದಲೋ ಪೀಪಿ ತಂದರು. "ಚಾಚಿದ್ದು ಚಾಚಿದಂಗ ಇರ್ಲಿ. ಮಡಚಿತಂದ್ರ ಕೇಕ್ ಇಲ್ಲ ನೋಡು!"

ಅಂಕಿ ತೀರಾ ಕಡಿಮೆ ಬಂತು. ಕಫವನ್ನು ಹೊರದೂಡುವ ಶ್ವಾಸನಾಳದ ಸೂಕ್ಷ್ಮ ರೋಮಗಳು ಸರಿಯಾಗಿ ಆಡದ, ವಂಶದಿಂದ ಬರುವ ಅಪರೂಪದ ಕಾಯಿಲೆ. ಆಮೇಲೆ ಮಾಡಿಸಿದ ಜೀನ್ ಪರೀಕ್ಷೆಯೂ ಅದನ್ನೇ ಹೇಳಿತು. ಕ್ಷಯದ ಮಾತ್ರೆ ಮತ್ತೆ ಮನೆಗೆ ಬರಲಿಲ್ಲ. "ನಮ್ಮ ಹುಡುಗಿ ಹೆಂಗ ಊದಿದ್ಲು ಗೊತ್ತೇನ್ರಿ!" ಎಂದು ಕಾಕು ಉಡುಪಿ ಹೋಟೆಲಿನಲ್ಲಿ ಸಿಕ್ಕ ಕನ್ನಡದವರಿಗೆಲ್ಲ ಹೇಳಿದರು. ನನಗೆ ನಾಚಿಕೆ, ಒಳಗೊಳಗೇ ಹೆಮ್ಮೆ...

ಕಾಯಿಲೆ ವಾಸಿಯಾಗುವಂಥದ್ದಲ್ಲ. ದಿನವೂ ಬೆಳಿಗ್ಗೆ ಕಫ ತೆಗೆದೇ ಕೆಲಸಕ್ಕೆ ಹೊರಡುತ್ತೇನೆ. ಕಾಕು ಹೋದ ವರ್ಷ ತೀರಿಕೊಂಡರು. ಮೊನ್ನೆ ಹೊಸ ಡಾಕ್ಟರು ಮನೆತನದ ವಿಷಯ ಕೇಳಿದಾಗ ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಗುಜರಾತಿಯಲ್ಲಿ ಹೇಳಿದಳು: "ಮಾರಾ ಪತಿ ಮಾರಾ ಸಗಾ ಮಾಮಾ ಛೇ." ಗಂಡ ನನ್ನ ಸ್ವಂತ ಸೋದರಮಾವ, ಎಂದು. ದನಿ ಒಂದಿಷ್ಟೂ ತಗ್ಗಲಿಲ್ಲ. ಅದನ್ನು ಕೇಳಿಸಿಕೊಳ್ಳಬೇಕಾದವರು ಮಾತ್ರ ಇರಲಿಲ್ಲ.