ಏಳನೇ ನಂಬರಿನ ಲಿವರ್

ರೈಲ್ವೆ ವಠಾರದಲ್ಲಿ ಎಲ್ಲರೂ ಅವರನ್ನು ಕ್ಯಾಬಿನ್ ಸಾಹೇಬರು ಎಂದೇ ಕರೆಯುತ್ತಿದ್ದರು. ಸಾಹೇಬಗಿರಿ ಏನೂ ಇರಲಿಲ್ಲ. ಮೂವತ್ತೊಂದು ವರ್ಷ ಸಿಗ್ನಲ್ ಕ್ಯಾಬಿನ್ನಿನಲ್ಲಿ ನಿಂತು ರೈಲಿಗೆ ಸಿಗ್ನಲ್ ಕೊಡುವ ಲಿವರ್ ಎಳೆದವರು, ಅಷ್ಟೇ. ನಿವೃತ್ತರಾದ ಮೇಲೆ ಅವರಿಗೊಂದು ಚಟ ಅಂಟಿಕೊಂಡಿತು: ಸಣ್ಣಪುಟ್ಟ ಊರುಗಳ ರೈಲು ಸಂಗ್ರಹಾಲಯಗಳಿಗೆ ಹೋಗಿ, ಅಲ್ಲಿನ ಫಲಕಗಳಲ್ಲಿ ತಪ್ಪು ಹುಡುಕುವುದು. ಆ ಊರುಗಳಿಗೆ ರೈಲು ಮಾತ್ರ ಇರುತ್ತಿರಲಿಲ್ಲ. ಹಳಿ ಕಿತ್ತುಹಾಕಿದ ಮೇಲೆ ತಾನೇ ಜನಕ್ಕೆ ಸಂಗ್ರಹಾಲಯದ ನೆನಪಾಗುವುದು! ಹಾಗಾಗಿ ಸಾಹೇಬರು ಎರಡೆರಡು ಬಸ್ಸು ಬದಲಿಸಿ, ಸೊಂಟ ಹಿಡಿದುಕೊಂಡು, ರೈಲು ನೋಡಲು ಹೋಗುತ್ತಿದ್ದರು. ಜೊತೆಗೆ ಹೆಂಡತಿ. ಆಕೆ ಪ್ರತಿ ಸಲವೂ ಬಾಗಿಲ ಹತ್ತಿರ ಕುರ್ಚಿ ಹುಡುಕಿ ಕೂತುಬಿಡುತ್ತಿದ್ದರು.

ಹದಿನಾಲ್ಕನೆಯ ಸಂಗ್ರಹಾಲಯದಲ್ಲಿ ಸಾಹೇಬರು ತಮ್ಮದೇ ಕ್ಯಾಬಿನ್ನಿನ ಲಿವರ್‌ಗಳನ್ನು ಕಂಡರು. ಹಳೆಯ ಸರಕು ಗೋದಾಮಿನ ಮಧ್ಯದಲ್ಲಿ ಹನ್ನೆರಡೂ ಸಾಲಾಗಿ ನಿಂತಿದ್ದವು. ಏಳನೆಯದರ ಹಿಡಿಯ ಮೇಲಿದ್ದ ನಗ್ಗು ಅವರೇ ಸುತ್ತಿಗೆ ಬೀಳಿಸಿ ಮಾಡಿದ್ದು. ಕಣ್ಣು ಒದ್ದೆಯಾಯಿತು. ಆಮೇಲೆ ಫಲಕ ಓದಿದರು: “ರೈಲು ನಿಲ್ಲಿಸುವ ಬ್ರೇಕುಗಳು.” ಕಣ್ಣು ತಕ್ಷಣ ಒಣಗಿತು.

“ಯಾರಮ್ಮ ಇದನ್ನ ಬರೆದಿದ್ದು?” ಎಂದು ಮೇಲ್ವಿಚಾರಕಿಯನ್ನು ತರಾಟೆಗೆ ತೆಗೆದುಕೊಂಡರು.

“ತಜ್ಞರು ಬರೆದಿದ್ದು ಸರ್,” ಎಂದಳು ಆ ಹುಡುಗಿ, ಪಾಪ.

ಅಷ್ಟರಲ್ಲಿ ಬಟ್ಟೆ ಕಾರ್ಖಾನೆಯಿಂದ ವಿಹಾರಕ್ಕೆ ಬಂದ ಹೆಂಗಸರ ತಂಡವೊಂದು ಒಳಗೆ ನುಗ್ಗಿತು. ಕೇಳುವವರು ಸಿಕ್ಕರೆ ಸಾಹೇಬರು ಬಿಡುತ್ತಾರೆಯೇ? ಸಿಗ್ನಲ್ ಎಂದರೇನು, ತಂತಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಶುರು ಹಚ್ಚಿಕೊಂಡರು. ಅರ್ಧ ಜನ ಮೆಲ್ಲಗೆ ಎಂಜಿನ್ ಕಡೆ ಜಾರಿಕೊಂಡರು. ಉಳಿದವರಲ್ಲಿ ಒಬ್ಬಾಕೆ ಕೇಳಿದಳು, “ಇದನ್ನ ಹೆಂಗಸ್ರು ಎಳೀಬಹುದಾ?”

“ಛೇ ಛೇ! ಗಂಡಸಿಗೇ ಭುಜ ಕಿತ್ತು ಬರುತ್ತೆ. ಹೆಂಗಸಿನ ಕೈಲಾಗೋ ಕೆಲ್ಸ ಅಲ್ಲಮ್ಮ ಇದು.”

ಬಾಗಿಲ ಹತ್ತಿರ ಕುರ್ಚಿ ಕಿರುಗುಟ್ಟಿತು. ಹೆಂಡತಿ ಎದ್ದು ಬಂದರು. ಸೆರಗು ಸಿಕ್ಕಿಸಿ, ಏಳನೇ ಲಿವರಿನ ಹಿಡಿಗೆ ಕರವಸ್ತ್ರ ಸುತ್ತಿ, ಕೆಳಗಿನ ಪಟ್ಟಿಗೆ ಒಂದು ಕಾಲು ಕೊಟ್ಟು, ತೋಳು ಸಡಿಲ ಬಿಟ್ಟು ಮೈಭಾರವನ್ನೆಲ್ಲ ಹಿಂದಕ್ಕೆ ಹಾಕಿದರು. ಲಿವರ್ ಧಡ್ ಎಂದು ಬಂದು ನಿಂತಿತು.

“ಭುಜದಲ್ಲಿ ಎಳೀಬಾರ್ದು, ಅದಕ್ಕೇ ಇವರಿಗೆ ನೋವು,” ಎಂದು ಹೆಂಗಸರ ಕಡೆ ತಿರುಗಿದರು. “ಒಂದು ಮಧ್ಯಾಹ್ನ ನಾನು ಊಟದ ಡಬ್ಬಿ ತಗೊಂಡು ಹೋಗ್ತೀನಿ, ಇವರು ಜ್ವರ ಬಂದು ನೆಲದ ಮೇಲೆ ಬಿದ್ದಿದ್ದಾರೆ. ಬದಲಿಯವನು ಬಂದಿಲ್ಲ. ಹೊರಗೆ ಗಾಡಿ ನಿಂತ್ಕೊಂಡು ಒಂದೇ ಸಮ ಕೂಗ್ತಿದೆ. ‘ಏಳು, ಏಳು’ ಅಂತಾರೆ. ಏಳ್ಬೇಕು ಅಂತಿದ್ದಾರೇನೋ ಅನ್ಕೊಂಡು ನಾನು ಇವರನ್ನ ಎಬ್ಬಿಸೋಕೆ ಹೋದೆ. ಆಮೇಲೆ ತಿಳೀತು, ಲಿವರ್ ನಂಬರ್ ಹೇಳ್ತಿದ್ರು!”

ಹೆಂಗಸರು ಬಿದ್ದು ಬಿದ್ದು ನಕ್ಕರು. ಎಂಜಿನ್ ನೋಡಲು ಹೋದವರೂ ವಾಪಸು ಓಡಿಬಂದರು. ಸಾಹೇಬರು ಮಾತ್ರ ಇನ್ಸ್‌ಪೆಕ್ಟರ್ ಬಂದಾನೆಂಬಂತೆ ಬಾಗಿಲು ನೋಡುತ್ತ, “ಬಾಯಿ ಮುಚ್ಚೇ, ಪೆನ್ಷನ್ ಹೋಗುತ್ತೆ!” ಎಂದು ಪಿಸುಗುಟ್ಟಿದರು. ಇಪ್ಪತ್ತಾರು ವರ್ಷ ಇಬ್ಬರೇ ಬಚ್ಚಿಟ್ಟ ಗುಟ್ಟು ಅದು.

ಪೆನ್ಷನ್ ಹೋಗಲಿಲ್ಲ. ತಿಂಗಳಾದ ಮೇಲೆ ಮೇಲ್ವಿಚಾರಕಿಯೇ ಫೋನ್ ಮಾಡಿ ಕರೆದಳು. ಹೊಸ ಫಲಕ ಬಂದಿತ್ತು: “ಸಿಗ್ನಲ್ ಲಿವರ್‌ಗಳು. ಇವುಗಳನ್ನು ಮಹಿಳೆಯರೂ ನಿರ್ವಹಿಸಿದ್ದಾರೆ.”

ಸಾಹೇಬರು ಕನ್ನಡಕ ಏರಿಸಿ ಎರಡು ಸಲ ಓದಿದರು. “ಮಹಿಳೆಯರು ಅನ್ನೋದು ತಪ್ಪು. ಒಬ್ಬಳೇ. ಅದೂ ಒಂದೇ ಸಲ.”

“ಒಂದ್ಸಲ ಅಲ್ಲ ರೀ, ನಾಲ್ಕು ಸಲ,” ಎಂದರು ಹೆಂಡತಿ. “ಮೂರು ಸಲ ನೀವು ಗೊರಕೆ ಹೊಡೀತಿದ್ರಿ. ಎಬ್ಬಿಸೋಕೆ ಮನಸ್ಸು ಬರ್ಲಿಲ್ಲ.”

ಫಲಕ ಹಾಗೆಯೇ ಉಳಿಯಿತು. ವಾಪಸು ಬರುವಾಗ ಬಸ್ಸಿನಲ್ಲಿ ನಾಲ್ಕು ನಿಲ್ದಾಣದವರೆಗೂ ಸಾಹೇಬರು ಬೆರಳು ಮಡಚಿ ಲೆಕ್ಕ ಹಾಕುತ್ತಿದ್ದರು. ಕೊನೆಗೆ ಕಿಟಕಿ ನೋಡುತ್ತಲೇ ಕೇಳಿದರು, “ಸರಿಯಾದ ಲಿವರೇ ಎಳೆದಿದ್ಯಾ?”

“ಗಾಡಿ ಊರು ಸೇರ್ಲಿಲ್ವಾ?” ಎಂದರು ಆಕೆ.