ಮಕ್ ಚಿಕ್ ಜಾವಿಯಾ ಒಪ್ಪದ ಷರತ್ತು

ಮಲೇಷ್ಯಾದ ತೈಪಿಂಗಿನ ರೈಲುಗೇಟಿನ ಹಿಂದಿನ ಓಣಿಯಲ್ಲಿ ಜಾವಿಯಾಳನ್ನು ಹೆಸರು ಹಿಡಿದು ಕರೆಯುವವರಿಲ್ಲ. ಎಲ್ಲರಿಗೂ ಅವಳು ಮಕ್ ಚಿಕ್, ಊರಿಗೇ ಅತ್ತೆ. ಕೆಲಸಕ್ಕೆ ಹೋಗುವ ತಾಯಂದಿರ ಕೂಸುಗಳನ್ನು ಮೂವತ್ತೊಂದು ವರ್ಷದಿಂದ ತನ್ನ ಮನೆಯಲ್ಲಿಟ್ಟುಕೊಂಡು ನೋಡಿಕೊಳ್ಳುತ್ತಿರುವವಳು. ಅವಳ ಜೋಲಿಯಲ್ಲಿ ಮಲಗಿ ಬೆಳೆದವನೊಬ್ಬ ಈಗ ಅದೇ ಓಣಿಗೆ ಅಂಚೆ ಹಂಚುತ್ತಾನೆ. ಹೆಲ್ಮೆಟ್ ತೆಗೆಯುವ ಮೊದಲೇ "ಅನ್ನ ತಿಂದ್ಯೇನೋ" ಎಂದು ಕೇಳಿಸಿಕೊಳ್ಳುತ್ತಾನೆ. ಇಷ್ಟು ವರ್ಷದಲ್ಲಿ ಅವಳು ಬಾಯಿಬಿಟ್ಟು ಸಂಬಳ ಹೇಳಿದ್ದು ಮಾತ್ರ ಒಮ್ಮೆಯೂ ಇಲ್ಲ.

"ಎಷ್ಟು ಕೊಡ್ಲಿ?" ಎಂದರೆ "ನಿನ್ನ ಮನಸ್ಸಿಗೆ ಬಂದಷ್ಟು" ಎನ್ನುವಳು. ತಿಂಗಳ ಕೊನೆಗೆ ತಾಯಂದಿರು ನೋಟನ್ನು ಪುಟ್ಟದಾಗಿ ಮಡಚಿ, ಕೈಹಿಡಿದು ಸಲಾಂ ಮಾಡುವಾಗ ಅವಳ ಅಂಗೈಗೆ ದಾಟಿಸುವರು. ಎದುರಿಗೇ ಬಿಚ್ಚಿ ನೋಡುವುದು ಮರ್ಯಾದೆಯಲ್ಲ. ಯಾರು ಎಷ್ಟು ಕೊಡುತ್ತಾರೆಂದು ಇನ್ನೊಬ್ಬರಿಗೂ ಗೊತ್ತಾಗದು. ಈ ಮರ್ಯಾದೆ ಯಾರಿಗೆ ಲಾಭ ಎಂದು ಬಿಡಿಸಿ ಹೇಳಬೇಕೇ?

ತಿಂಗಳ ಕೊನೆಯ ಶುಕ್ರವಾರ ಬೆಳಿಗ್ಗೆ ಅವಳ ಬಾಗಿಲಿಗೆ ಬಂದ ಹಸ್ನೀತಾಗೆ ಜೀವ ಬಾಯಿಗೆ ಬಂದಿತ್ತು. ಕೈಗವಸಿನ ಕಾರ್ಖಾನೆಯಲ್ಲಿ ಹೆರಿಗೆ ರಜೆ ಮುಗಿದಿದೆ. ಸೋಮವಾರ ಹೋಗದಿದ್ದರೆ ಕೆಲಸ ಹೋದಂತೆ. ನಾಲ್ಕು ತಿಂಗಳ ಮಗ ಫಯ್ಯಾದ್ ಬಾಟಲಿ ಮುಟ್ಟುವುದಿಲ್ಲ. ಆಗಲೇ ಇಬ್ಬರು ಆಯಾಗಳು ಕೈಚೆಲ್ಲಿದ್ದರು.

ಜಾವಿಯಾ ಮಗುವನ್ನು ನೋಡುವ ಮೊದಲು ತಾಯಿಯನ್ನು ನೋಡಿದಳು. "ತಲೆವಸ್ತ್ರ ತೆಗ್ದು ಕೊಡು. ನಂದು ಕಟ್ಕೋ. ಅಡುಗೆಮನೇಲಿ ಹೋಗಿ ಕೂತ್ಕೋ, ಕೆಮ್ಮೂ ಕೆಮ್ಬೇಡ."

ಹಸ್ನೀತಾಳ ಬೆವರು ಕುಡಿದ ಆ ಬಟ್ಟೆಯನ್ನು ಜಾವಿಯಾ ಎದೆಗೆ ಕಟ್ಟಿಕೊಂಡಳು. ಬಾಟಲಿಯ ರಬ್ಬರ್ ತೊಟ್ಟನ್ನು ಬಿಸಿನೀರಿನಲ್ಲಿ ಅದ್ದಿದಳು. ಮಗುವಿನ ಮುಖವನ್ನು ಕಿಟಕಿಯ ಕಡೆ ತಿರುಗಿಸಿ ಹಿಡಿದು ನಡೆಯತೊಡಗಿದಳು. ಅವನು ಕಿರುಚಿದ. ಅವಳು ನಡೆದಳು. ಎಷ್ಟು ಹೊತ್ತೋ ಏನೋ, ಕಿರುಚಾಟ ನಿಂತು ಗುಟುಕು ಗುಟುಕಾಗಿ ಕುಡಿಯುವ ಸದ್ದು ಬಂತು. ಬಾಗಿಲ ಸಂದಿಯಿಂದ ನೋಡುತ್ತಿದ್ದ ಹಸ್ನೀತಾ ಮೂಗಿನ ಮೇಲೆ ಬೆರಳಿಟ್ಟಳು. ಒಂಬತ್ತು ದಿನ ತಾನು ಅತ್ತು ಕರೆದು ಮಾಡಲಾಗದ್ದನ್ನು ಈ ಹೆಂಗಸು ಬರೀ ನಡೆದು ಮಾಡಿದ್ದಳು.

ಆಮೇಲೆ ಹಸ್ನೀತಾ ತಾನು ಬರೆದು ತಂದಿದ್ದ ಚೀಟಿ ಓದಿದಳು. ಬೆಳಿಗ್ಗೆ ಏಳರಿಂದ ಸಂಜೆ ಆರು. ಜ್ವರ ಬಂದರೆ ಫೋನು. ಟಿವಿ ತೋರಿಸುವಂತಿಲ್ಲ. ಎಲ್ಲಕ್ಕೂ ಜಾವಿಯಾ ತಲೆಯಾಡಿಸಿದಳು.

"ಕೊನೇದು. ಅವ್ನು ಮೊದ್ಲ ಸಲ ಏನೇ ಮಾಡಿದ್ರೂ, ಮಗುಚಿಕೊಂಡ್ರೂ, ಹೆಜ್ಜೆ ಇಟ್ರೂ, ನಂಗೆ ವಿಡಿಯೋ ಕಳಿಸ್ಬೇಕು."

"ಅದು ಆಗಲ್ಲ ಮಗಳೇ."

"ಯಾಕೆ? ಫೋನ್ ಹಿಡಿಯೋದು ಅಷ್ಟು ಕಷ್ಟನಾ?"

"ಆಗಲ್ಲ ಅಂದೆನಲ್ಲ." ಜಾವಿಯಾ ಎದ್ದು ಹೋಗಿ ಗಂಜಿ ಕದಡತೊಡಗಿದಳು. ಹಸ್ನೀತಾಗೆ ಮುಖಕ್ಕೆ ಹೊಡೆದಂತಾಯಿತು. ಆದರೂ ಎದ್ದು ಹೋಗುವ ಧೈರ್ಯವಾಗಲಿಲ್ಲ. ಮಗ ಬಾಟಲಿ ಕುಡಿದಿದ್ದ.

ಮಗ ಹೊಂದಿಕೊಳ್ಳಲೆಂದು ಆ ದಿನವೆಲ್ಲ ಅಲ್ಲೇ ಉಳಿದಳು. ಮಧ್ಯಾಹ್ನ ಜಾವಿಯಾ ನೋಡಿಕೊಳ್ಳುತ್ತಿದ್ದ ಇನ್ನೊಂದು ಕೂಸು, ಹನ್ನೊಂದು ತಿಂಗಳ ಇರ್ದೀನಾ, ಕುರ್ಚಿಯ ಕಾಲು ಬಿಟ್ಟು ನಿಂತಿತು. ಒಂದು ಹೆಜ್ಜೆ. ಎರಡು. ನಾಲ್ಕನೆಯದಕ್ಕೆ ಜಾವಿಯಾಳ ಮಡಿಲಿಗೆ ಬಿತ್ತು. ಜಾವಿಯಾ ಅದರ ನೆತ್ತಿಯನ್ನು ಮೂಸಿ ಮೂಸಿ ಮುದ್ದಿಟ್ಟಳು, ಕಣ್ಣು ತುಂಬಿ ಬಂದಿತ್ತು. ಆಮೇಲೆ ಹಸ್ನೀತಾಳ ಕಡೆ ತಿರುಗಿ, "ನೀನೇನೂ ನೋಡ್ಲಿಲ್ಲ" ಎಂದಳು.

ಐದೂವರೆಗೆ ಇರ್ದೀನಾಳ ತಾಯಿ ಮಸ್ತೂರಾ ಬಂದಳು. ಬ್ಯಾಂಕಿನ ಕೆಲಸದಲ್ಲಿ ಸೋತ ಮುಖ. "ಏನ್ ಮಾಡಿದ್ಲು ಮಕ್ ಚಿಕ್ ಇವತ್ತು?"

"ಏನ್ಮಾಡ್ತಾಳೆ, ತಿಂದ್ಲು, ಮಲಗಿದ್ಲು. ಕಾಲು ಗಟ್ಟಿಯಾಗಿವೆ ಕಣೇ. ಮನೇಲಿ ನಿಲ್ಲಿಸಿ ಎರಡು ಮಾರು ದೂರ ಕೂತು ಕರೆದು ನೋಡು."

ಮಸ್ತೂರಾ ಸಲಾಂ ಮಾಡಿ ನೋಟು ದಾಟಿಸಿ ಹೋದಳು. ಅವಳು ಓಣಿ ತಿರುಗಿದ ಮೇಲೆ ಜಾವಿಯಾ ಅಂಗೈ ಬಿಚ್ಚಿದಳು. ಇನ್ನೂರು ರಿಂಗಿಟ್. ಎಂಟು ವರ್ಷದ ಹಿಂದೆ ಮಸ್ತೂರಾ ತನ್ನ ದೊಡ್ಡ ಮಗಳನ್ನು ಇಲ್ಲಿ ಬಿಡುವಾಗ ಕೊಟ್ಟಷ್ಟೇ. ಜಾವಿಯಾ ಅದನ್ನು ಡಬ್ಬಿಗೆ ಹಾಕಿದಳು.

ಹಸ್ನೀತಾ ದಂಗಾಗಿ ಕೂತಿದ್ದಳು. ಮೂವತ್ತೊಂದು ವರ್ಷ. ಈ ಓಣಿಯ ಎಷ್ಟು ತಾಯಂದಿರು ತಮ್ಮ ಮಗುವಿನ ಮೊದಲ ಹೆಜ್ಜೆ ತಾವೇ ನೋಡಿದೆವೆಂದು ಕುಣಿದಿರಬೇಕು. ಇವಳು ಎಲ್ಲವನ್ನೂ ಮೊದಲೇ ನೋಡಿ, ನುಂಗಿಕೊಂಡು, ಮರುದಿನ ಬಾಯಿ ಮೇಲೆ ಕೈಯಿಟ್ಟು "ಹೌದಾ" ಎಂದು ಬೆರಗಾಗಿರಬೇಕು. ಇಂಥವಳ ಮುಂದೆ ತಾನು ಚೀಟಿ ಓದಿದ್ದು ನೆನೆದು ಹಸ್ನೀತಾಗೆ ನಾಚಿಕೆಯಾಯಿತು.

"ಮಕ್ ಚಿಕ್, ಸಂಬಳ ಎಷ್ಟು?"

"ನಿನ್ನ ಮನಸ್ಸಿಗೆ..."

"ನನ್ನ ಮನಸ್ಸು ಬೇಡ. ನೀವು ಹೇಳೋವರೆಗೂ ನಾನು ಈ ಚಾಪೆ ಬಿಟ್ಟು ಏಳಲ್ಲ."

ಜಾವಿಯಾ ಮೊದಲು ನಕ್ಕಳು. "ಹಟಮಾರಿ ಹೆಣ್ಣೇ" ಎಂದು ಬೈದಳು. ಮಡಚಿದ ಲಂಗೋಟಿಗಳನ್ನೇ ಬಿಚ್ಚಿ ಮತ್ತೆ ಮಡಚಿದಳು. ಹಸ್ನೀತಾ ಏಳಲಿಲ್ಲ. ಕೊನೆಗೆ ಜಾವಿಯಾ ನೆಲ ನೋಡುತ್ತಾ, "ಐನೂರು" ಎಂದಳು. "ಆರು ಗಂಟೆ ದಾಟಿದ್ರೆ ನನ್ನ ಸೊಂಟ ತಡೆಯಲ್ಲ. ಭಾನುವಾರ ನಂಗೆ ರಜೆ. ಜಾಸ್ತಿ ಆಯ್ತಾ?"

"ಇಲ್ಲ. ಇಷ್ಟು ದಿನ ಯಾಕೆ ಹೇಳ್ಲಿಲ್ಲ? ಎಲ್ರೂ ಕೇಳಿದ್ರಲ್ಲ."

"ಕೇಳಿದ್ರು. ಉತ್ತರಕ್ಕೆ ಯಾರೂ ನಿಲ್ಲಲಿಲ್ಲ."

ಹಸ್ನೀತಾ ಮಗನನ್ನು ಚಾಪೆಯ ಮೇಲೆ ಬಿಟ್ಟು, ಎಟಿಎಮ್ಮಿಗೆ ಓಡಿ ಹೋಗಿ ಬಂದು, ನೂರರ ಐದು ನೋಟುಗಳನ್ನು ಮಡಚದೆ ಅವಳ ಮುಂದೆ ಹರಡಿದಳು. ಜಾವಿಯಾಗೆ ಕೈ ಎಲ್ಲಿಡಬೇಕೋ ತಿಳಿಯಲಿಲ್ಲ. ಸೆರಗಿನಂತೆ ತಲೆವಸ್ತ್ರದ ಅಂಚನ್ನು ಕಣ್ಣಿಗೆ ಒತ್ತಿಕೊಂಡಳು. ಆಮೇಲೆ ಫಯ್ಯಾದನನ್ನು ಎತ್ತಿ ತಾಯಿಯ ತೋಳಿಗೆ ಕೊಟ್ಟಳು.

"ಮನೆಗೆ ಹೋದ್ಮೇಲೆ ಇವನನ್ನ ಚಾಪೆ ಮೇಲೆ ಅಂಗಾತ ಮಲಗಿಸಿ, ಎಡಗಡೆ ಕೂತ್ಕೋ. ಎದ್ದು ಹೋಗ್ಬೇಡ."

ಹಸ್ನೀತಾ ಅವಳ ಮುಖ ನೋಡಿದಳು. ಮಸ್ತೂರಾಗೆ ಹೇಳಿದ ಮಾತು ನೆನಪಾಯಿತು. ಮಗನನ್ನು ಎದೆಗವಚಿಕೊಂಡು, ಚಪ್ಪಲಿ ಸರಿಯಾಗಿ ಮೆಟ್ಟುವಷ್ಟೂ ತಾಳ್ಮೆಯಿಲ್ಲದೆ ಮನೆಯ ಕಡೆ ಓಡಿದಳು.